ಮನೆಯ ಆರೋಗ್ಯ: ಪುಣೆ ದೂರ, ಹೊತ್ತು ಕಡಿಮೆ

ಕಳೆದ ಆಷಾಢ ಏಕಾದಶಿಯಂದು ಶಿರೂರಿನ ನಮ್ಮ ಓಣಿಯಲ್ಲಿ ನಡೆದ ಸಂಗತಿ. ರಂಜಣಗಾವದ ಕಾರಖಾನೆಯ ಕೆಲಸಕ್ಕೆಂದು ಊರು ಬಿಟ್ಟು ಬಂದ ನಮ್ಮವರೊಬ್ಬರ ಆರು ವರ್ಷದ ಮಗಳು ನೆರೆಮನೆಯ ಸಾಬೂದಾಣಿ ಖಿಚಡಿ ತಿಂದಳು. ಹತ್ತು ನಿಮಿಷದೊಳಗೆ ತುಟಿ ಊದಿತು, ಮೈಮೇಲೆ ಗಂಧೆಗಳೆದ್ದವು, ವಾಂತಿಯಾಯಿತು, ಉಸಿರಾಟದಲ್ಲಿ ಸುಂಯ್ ಎಂಬ ಸದ್ದು ಕೇಳಿಸಿತು. ಅಜ್ಜಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದರು. ತಂದೆ ಪುಣೆಯ ದೊಡ್ಡ ಆಸ್ಪತ್ರೆಗೆಂದು ಮೋಟಾರು ಹುಡುಕಹೊರಟರು. ನೆರೆಮನೆಯ ಕಾಕೂ ಮಾತ್ರ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ರಿಕ್ಷಾದಲ್ಲಿ ಹತ್ತಿರದ ಆಸ್ಪತ್ರೆಗೇ ಹೋದರು. ತೊಡೆಗೊಂದು ಚುಚ್ಚುಮದ್ದು ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಮಗು ನೀರು ಕೇಳಿತು.

ಖಿಚಡಿಯಲ್ಲಿದ್ದ ಶೇಂಗಾಪುಡಿ ಆ ಮಗುವಿನ ಮೈಗೆ ಒಗ್ಗಿರಲಿಲ್ಲ. ಇಂಥ ತೀವ್ರ ಅಲರ್ಜಿಗೆ ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. 1902ರಲ್ಲಿ ಫ್ರಾನ್ಸಿನ ರಿಷೆ ಮತ್ತು ಪೋರ್ತಿಯೆ ಎಂಬ ಪಂಡಿತರು ಇಟ್ಟ ಹೆಸರಿದು. ಕೆಲವರಿಗೆ ಮೊಟ್ಟೆ, ಹಾಲು, ಸಿಗಡಿಯಿಂದ, ಮತ್ತೆ ಕೆಲವರಿಗೆ ಜೇನ್ನೊಣದ ಕಡಿತದಿಂದ, ಪೆನಿಸಿಲಿನ್‌ನಂಥ ಔಷಧದಿಂದ ಇದೇ ಗತಿಯಾಗುತ್ತದೆ.

ಬರೇ ತುರಿಕೆಯಾದರೆ ಗಾಬರಿ ಬೇಡ. ಆದರೆ ನಾಲಿಗೆ ಊದುವುದು, ದನಿ ಒಡೆಯುವುದು, ಉಸಿರು ಕಟ್ಟುವುದು, ತಲೆ ತಿರುಗಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ಒಮ್ಮೊಮ್ಮೆ ಗಂಧೆ ಏಳದೆಯೂ ಇವು ಬರುವುದುಂಟು.

ಆಗ ಜೀವ ಉಳಿಸುವ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚುತ್ತಾರೆ. ತುರಿಕೆಯ ಗುಳಿಗೆ ಅದರ ಕೆಲಸ ಮಾಡಲಾರದು. ಪುಣೆ ಇಲ್ಲಿಂದ 60 ಕಿಲೋಮೀಟರಿಗೂ ಹೆಚ್ಚು; ಆದ್ದರಿಂದ ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಪುಣೆ. 108ಕ್ಕೆ ಫೋನು ಮಾಡಿರಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿರಿ. ಉಸಿರಿಗೆ ಕಷ್ಟವಾದರೆ ಕೂರಿಸಿರಿ. ವಾಂತಿ ಬಂದರೆ, ಎಚ್ಚರ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿರಿ. ಎಬ್ಬಿಸಿ ನಡೆಸಬೇಡಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ. ಗುಣ ಕಂಡರೂ ವೈದ್ಯರು ಹೇಳುವತನಕ ಆಸ್ಪತ್ರೆ ಬಿಡಬಾರದು. ಕೆಲವು ಗಂಟೆಗಳ ಮೇಲೆ ಇದು ಮರುಕಳಿಸಬಹುದು.

ಈ ನಾಡಿನ ಅಡಿಗೆಯಲ್ಲಿ ಶೇಂಗಾ ಬೀಳದ ಪದಾರ್ಥ ಕಡಿಮೆ; ಪುಡಿಯಾಗಿ ಬೆರೆತರೆ ಕಣ್ಣಿಗೂ ಕಾಣದು. ಶೇಂಗಾ ಒಗ್ಗದ ಮಕ್ಕಳಿಗೆ ಒಂದು ಮರಾಠಿ ವಾಕ್ಯ ಬಾಯಿಪಾಠ ಮಾಡಿಸಿರಿ: “ಯಾತ್ ಶೇಂಗದಾಣೆ ಆಹೇತ್ ಕಾ?” ಇದರಲ್ಲಿ ಶೇಂಗಾ ಇದೆಯೇ ಎಂದರ್ಥ. ಆ ಹುಡುಗಿ ಈಗ ನೆರೆಮನೆಯಲ್ಲಿ ತಟ್ಟೆ ಮುಟ್ಟುವ ಮೊದಲು ಹೀಗೆ ಕೇಳುತ್ತಾಳೆ. ಕಾಕೂ ಅವಳ ಪಾಲಿನ ಖಿಚಡಿಯನ್ನು ಬೇರೆ ಪಾತ್ರೆಯಲ್ಲೇ ಮಾಡುತ್ತಾರೆ.