ದಾದಿಯರ ಕೊರತೆಯೂ ನಮ್ಮ ಕರ್ತವ್ಯವೂ

ವೈದ್ಯರು ರೋಗಿಯನ್ನು ದಿನಕ್ಕೆ ಒಂದೆರಡು ಸಲ ನೋಡುವರು. ಹಗಲಿರುಳು ಕಾಯುವವಳು ದಾದಿಯು. ಅವಳೊಬ್ಬಳ ಪಾಲಿಗೆ ರೋಗಿಗಳು ಹೆಚ್ಚಿದಂತೆ, ಹೊತ್ತಿಗೆ ಔಷಧ ಕೊಡುವದೂ ಮಗ್ಗುಲು ಹೊರಳಿಸುವದೂ ತಪ್ಪುವವು. ಅಮೇರಿಕಾದ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಕುರಿತು 2002ರಲ್ಲಿ ಪ್ರಕಟವಾದ ವರದಿಯಲ್ಲಿ, ದಾದಿಗೆ ರೋಗಿಯೊಬ್ಬನು ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವವು ನೂರಕ್ಕೆ 7ರಷ್ಟು ಏರಿದ್ದು ಕಂಡುಬಂದಿತು.

ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಗದಗ, ಹಾವೇರಿ, ಬಾಗಲಕೋಟೆಗಳಿಂದಲೂ ಬಡವರು ಬರುವರು. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ ಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮವು. ಮೂರು ಪಾಳಿಗಳಿಗೆ ಹಂಚಿದರೆ ಒಂಬತ್ತು ಮಂದಿಗೆ ಒಬ್ಬಳು. ಪಾಲಕರು ಯಾವ ಆಸ್ಪತ್ರೆಗೆ ಹೋದರೂ ಈ ಲೆಕ್ಕವನ್ನು ಎಣಿಸಿ ನೋಡಲಿ.

ಹೆಣ್ಣುಮಕ್ಕಳು ಈ ವೃತ್ತಿಗೆ ಬರುವದಿಲ್ಲವೆಂದು ದೂರುವದು ನ್ಯಾಯವಲ್ಲ. ಕಲಿತವರೇ ಕಾಯಂ ಹುದ್ದೆಯೂ ತಕ್ಕ ಸಂಬಳವೂ ದೊರೆಯದೆ ಪರದೇಶಗಳಿಗೆ ಹೋಗುತ್ತಿರುವರು. ಸೇವೆಯೆಂದು ಹೊಗಳಿದ ಮಾತ್ರಕ್ಕೆ ಮನೆ ನಡೆಯದು. ದಯಾಳುವಾದ ಸಮಾರ್ಯದವನು ಗಾಯ ಕಟ್ಟಿದ್ದಲ್ಲದೆ, ಮುಂದಿನ ಆರೈಕೆಗಾಗಿ ಛತ್ರದವನಿಗೆ ಹಣವನ್ನೂ ಕೊಟ್ಟನೆಂಬುದನ್ನು ನಾವು ಮರೆಯಬಾರದು.

ಆದುದರಿಂದ ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ಪಾಲಕರೇ, ಮಗಳು ದಾದಿಯಾಗಬೇಕೆಂದರೆ ಅಡ್ಡಿಮಾಡದಿರೋಣ. ತೆರವಾದ ಹುದ್ದೆಗಳನ್ನು ಕಾಯಮಾಗಿ ತುಂಬಬೇಕೆಂದು ಸರಕಾರವನ್ನು ಬಿಡದೆ ಕೇಳೋಣ.