ಗಾಂಧಿನಗರದ ಗಾಳಿ: ಮೆಜೆಸ್ಟಿಕ್‌ನಲ್ಲಿ ಇಳಿದರೆ ಮೆಜೆಸ್ಟಿಕ್ ಎಲ್ಲಿ?

ತಿಪಟೂರಿನ ಅಭಿಮಾನಿಯೊಬ್ಬರು ಕಾರ್ಡು ಬರೆದಿದ್ದಾರೆ. "ಸ್ವಾಮಿ, ಮೊದಲ ಸಲ ಬೆಂಗಳೂರಿಗೆ ಬಂದೆ. ಕಂಡಕ್ಟರ್ 'ಮೆಜೆಸ್ಟಿಕ್, ಮೆಜೆಸ್ಟಿಕ್' ಅಂತ ಕೂಗಿ ಇಳಿಸಿದರು. ಇಳಿದವನು ಮೆಜೆಸ್ಟಿಕ್ ಥಿಯೇಟರ್ ಎಲ್ಲಿ ಅಂತ ಕೇಳಿದರೆ ಸುತ್ತ ಇದ್ದವರೆಲ್ಲ ನಕ್ಕರು. ನಾನು ಕೇಳಿದ್ದು ತಪ್ಪಾ?"

ತಪ್ಪೇನೂ ಇಲ್ಲ ಮಿತ್ರರೇ. ನಕ್ಕವರಿಗೇ ಗೊತ್ತಿಲ್ಲ! ಆ ಹೆಸರಿನ ಟಾಕೀಸು ನಿಜವಾಗಿಯೂ ಇತ್ತು. ಅದರ ಹೆಸರೇ ಇಡೀ ಏರಿಯಾಕ್ಕೆ ಅಂಟಿಕೊಂಡಿತು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರು, ಮೆಟ್ರೊ ನಿಲ್ದಾಣಕ್ಕೂ ನಾಡಪ್ರಭುಗಳದೇ ಹೆಸರು. ಆದರೂ ಕಂಡಕ್ಟರ್ ಬಾಯಲ್ಲಿ ಬರೋದು ಟಾಕೀಸಿನ ಹೆಸರು. ಹೆಸರು ಉಳೀತು, ಟಾಕೀಸು ನೆಲಸಮ ಆಯ್ತು. ಸಾಗರ್ ಹೋಯ್ತು, ಹಿಮಾಲಯ ಹೋಯ್ತು, ಗೀತಾ ಹೋಯ್ತು. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ, ಸಾವಿರಕ್ಕೂ ಮಿಕ್ಕಿ ಸೀಟುಗಳಿದ್ದ ಕಪಾಲಿಯೂ 2017ರಲ್ಲಿ ಬಾಗಿಲು ಹಾಕಿತು.

ಇಷ್ಟೊಂದು ಥಿಯೇಟರು ಈ ಒಂದೇ ಜಾಗದಲ್ಲಿ ಯಾಕೆ ಹುಟ್ಟಿದವು? ಒಂದು ಕಡೆ ಸಿಟಿ ರೈಲ್ವೆ ಸ್ಟೇಷನ್. ಎದುರಿಗೆ, ಬತ್ತಿ ಹೋದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ಸ್ಟಾಂಡು. ಕೋಲಾರದವನೋ ಹಾಸನದವನೋ ಕೋರ್ಟು, ಆಸ್ಪತ್ರೆ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಕಾಯಬೇಕು. ಕೈಯಲ್ಲಿ ನಾಲ್ಕು ಗಂಟೆ ಟೈಮು, ಜೇಬಲ್ಲಿ ಒಂದಿಷ್ಟು ಚಿಲ್ಲರೆ. ರಸ್ತೆ ದಾಟಿದರೆ ಮ್ಯಾಟಿನಿ! ಅವನು ಊರಿಗೆ ಹೋಗಿ "ಪಿಕ್ಚರ್ ಸೂಪರ್" ಅಂದರೆ ಸಾಕು, ಅದೇ ಪಬ್ಲಿಸಿಟಿ.

ಹಂಚಿಕೆದಾರರ ಆಫೀಸುಗಳು ಗಾಂಧಿನಗರದಲ್ಲೇ ಬೀಡು ಬಿಟ್ಟದ್ದಕ್ಕೂ ಇದೇ ಬಸ್ಸು, ಇದೇ ರೈಲು ಕಾರಣ. ಪ್ರಿಂಟಿನ ಡಬ್ಬಗಳು ಇಲ್ಲಿಂದಲೇ ಹೊರಟು ಊರೂರು ಸೇರಬೇಕಿತ್ತು. ಶುಕ್ರವಾರ ಡಬ್ಬ ಬರೋದು ತಡವಾದರೆ ಆ ಊರಿನ ಟಾಕೀಸಲ್ಲಿ ಕುರ್ಚಿ ಮುರಿಯೋದು ಗ್ಯಾರಂಟಿ! ಈಗ ಡಬ್ಬವೂ ಇಲ್ಲ, ರೀಲೂ ಇಲ್ಲ. ಚಿತ್ರ ಡಿಜಿಟಲ್ ಆದ ಮೇಲೆ ಬಸ್ ಸ್ಟಾಂಡಿನ ಹಂಗೂ ತಪ್ಪಿತು.

ಆದರೆ ಹೆಮ್ಮೆ? ಅದೆಲ್ಲ ಕೆ.ಜಿ. ರಸ್ತೆಯದೇ. ಮೇನ್ ಥಿಯೇಟರ್ ಅಂದರೆ ಇಲ್ಲಿನದೇ, ಕಟೌಟು ನಿಲ್ಲಬೇಕಾದದ್ದು ಇಲ್ಲೇ, ನೂರು ದಿನ ಎಣಿಸುತ್ತಿದ್ದದ್ದೂ ಇಲ್ಲೇ. 1972ರಲ್ಲಿ ಅಣ್ಣಾವ್ರ 'ಬಂಗಾರದ ಮನುಷ್ಯ' ಬಂದಾಗ ಸ್ಟೇಟ್ಸ್ ಟಾಕೀಸಿನ ಮುಂದೆ ನೆರೆದ ಜನಸಾಗರವನ್ನು ನಿಮ್ಮ ತಂದೆಯವರನ್ನು ಕೇಳಿ. ಶಿವಣ್ಣನ 'ಓಂ' (1995) ಕಪಾಲಿಯಲ್ಲಿ ಎಷ್ಟು ಸಲ ಮರುಬಿಡುಗಡೆ ಆಯಿತೋ, ಲೆಕ್ಕ ಇಟ್ಟವರೇ ಸುಸ್ತು!

ಹಾಗಾದರೆ ಕೆಡವಿದ್ದು ಯಾಕೆ? ಮಾಲೀಕರನ್ನು ಬೈಯೋದು ಸುಲಭ. ಒಂದು ಸಣ್ಣ ಲೆಕ್ಕ ನೋಡಿ. ಸಾವಿರ ಸೀಟಿನ ಥಿಯೇಟರ್ ಅಂದರೆ ಏನು? ನಾಲ್ಕು ಗೋಡೆ, ಮೇಲೊಂದು ಛಾವಣಿ, ನಡುವೆ ಖಾಲಿ ಗಾಳಿ! ಆ ಗಾಳಿಗೆ ದುಡ್ಡು ಹುಟ್ಟೋದು ದಿನಕ್ಕೆ ನಾಲ್ಕು ಆಟ, ಅದೂ ಪಿಕ್ಚರ್ ಗೆದ್ದರೆ. ಅದೇ ಜಾಗದಲ್ಲಿ ಅಂಗಡಿ, ಆಫೀಸು ಕಟ್ಟಿದರೆ ಪ್ರತಿ ಮಹಡಿಗೂ ಬಾಡಿಗೆ, ಸೋತರೂ ಗೆದ್ದರೂ ತಿಂಗಳ ಒಂದನೇ ತಾರೀಕು ಕೈಗೆ. ಇದರ ಮೇಲೆ ಮೆಟ್ರೊ ಬಂತು. 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗಿನ ಜಾಗಕ್ಕೆ ಎಫ್.ಎ.ಆರ್. 4. ಅಂದರೆ ಹತ್ತು ಸಾವಿರ ಚದರಡಿ ನಿವೇಶನದಲ್ಲಿ ನಲವತ್ತು ಸಾವಿರ ಚದರಡಿ ಕಟ್ಟಬಹುದು. ಈ ಲೆಕ್ಕದ ಮುಂದೆ ಬಾಲ್ಕನಿ ಯಾವ ಮೂಲೆಗೆ?

ಇನ್ನೊಂದು ತಮಾಷೆ. 2016ರ ಏಪ್ರಿಲ್‌ನಲ್ಲಿ ನೇರಳೆ ಮಾರ್ಗ, 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ನೆಲದಡಿ ಸೇರಿದವು. ಜನ ಕಡಿಮೆ ಆಗಿಲ್ಲ, ಹೆಚ್ಚಾದರು! ಆದರೆ ಅವರು ಕೆಳಗೇ ರೈಲು ಬದಲಿಸಿ ಕೆಳಗೇ ಹೊರಟು ಹೋಗ್ತಾರೆ. ಕೆ.ಜಿ. ರಸ್ತೆಯ ಪೋಸ್ಟರ್ ಕಣ್ಣಿಗೇ ಬೀಳೋದಿಲ್ಲ. ಅತ್ತ ಮೈಸೂರು ಬಸ್ಸುಗಳೂ ಸ್ಯಾಟಲೈಟ್ ನಿಲ್ದಾಣ ಸೇರಿವೆ. ಕಾಯುವ ಜನ ಇದ್ದರೆ ತಾನೇ ಮ್ಯಾಟಿನಿ?

ಈಗ ನಮ್ಮ ಅಭಿಮಾನಿಗಳು ಕಿವಿ ನಿಮಿರಿಸಬೇಕಾದ ವಿಷಯ. 2025ರ ಮಾರ್ಚ್ ಬಜೆಟ್‌ನಲ್ಲಿ ಸರ್ಕಾರ ಇದೇ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ಖಾಸಗಿಯವರ ಸಹಭಾಗಿತ್ವದಲ್ಲಿ ಹೊಸದಾಗಿ ಕಟ್ಟುವ ಮಾತಾಡಿದೆ. ಖಾಸಗಿಯವರು ಬಂದರೆ ಮಾಲ್ ಬರುತ್ತೆ, ಆಫೀಸು ಬರುತ್ತೆ, ಒಂದು ಮಲ್ಟಿಪ್ಲೆಕ್ಸೂ ಬರಬಹುದು. ಕಪಾಲಿಯ ಜಾಗವನ್ನೇ ನೋಡಿ, ತೆಲುಗು ಸ್ಟಾರ್ ಮಹೇಶ್ ಬಾಬು ಪಾಲುದಾರರಾಗಿರುವ ಎ.ಎಂ.ಬಿ. ಸಿನಿಮಾಸ್ ಆ ಜಾಗವನ್ನೇ ಆರಿಸಿಕೊಂಡಿತು. ತೆರೆ ಬಂದರೆ ಸಂತೋಷವೇ. ಆದರೆ ರಾತ್ರಿ ಬಸ್ಸಿಗೆ ಕಾಯುವ ನಮ್ಮ ತಿಪಟೂರಿನ ಮಿತ್ರರು ಅದರ ಒಳಗೆ ಕಾಲಿಡುವ ರೇಟು ಇರುತ್ತಾ? 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೆರಿಗೆ ಬಿಟ್ಟು ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್‌ನವರು, ನಿರ್ಮಾಪಕರು ಕೋರ್ಟಿಗೆ ಓಡಿದರು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು.

ಖಾಸಗಿ ಜಾಗದಲ್ಲಿ ಮಾಲೀಕ ಏನು ಕಟ್ಟಬೇಕು ಅಂತ ನಾವು ಹೇಳೋಕಾಗಲ್ಲ. ಬಸ್ ಸ್ಟಾಂಡು ಹಾಗಲ್ಲ, ಅದು ಸಾರಿಗೆ ಸಂಸ್ಥೆಯ ಜಾಗ, ಅಂದರೆ ಟಿಕೆಟ್ ಕೊಂಡು ಬಸ್ಸು ಹತ್ತುವ ನಮ್ಮ ನಿಮ್ಮದು. ಇಲ್ಲಿ ಷರತ್ತು ಹಾಕಬಹುದು. ಮುಂಬಯಿ ಕಡೆ ಹಳೇ ಥಿಯೇಟರ್ ಕೆಡವಿದರೆ ಹೊಸ ಕಟ್ಟಡದಲ್ಲಿ ಹಳೇ ಸೀಟುಗಳ ಮೂರನೇ ಒಂದು ಪಾಲಿನಷ್ಟು ಚಿತ್ರಮಂದಿರ ಉಳಿಸಬೇಕು ಅಂತ ನಿಯಮ ಮಾಡಿದ್ದರು. ಮೆಜೆಸ್ಟಿಕ್ ಟೆಂಡರಿನಲ್ಲಿ ಒಂದೇ ಒಂದು ಸಾಲು ಸೇರಿಸಿ ಸಾಕು: ಐನೂರು ಸೀಟಿನ ಒಂದು ಥಿಯೇಟರ್, ವಾರಕ್ಕೊಂದು ಕನ್ನಡ ಚಿತ್ರ, ಬಸ್ ಟಿಕೆಟ್ ತೋರಿಸಿದವರಿಗೆ ಮುಂದಿನ ಸಾಲು ಅಗ್ಗ. ಬಾಗಿಲು ಪ್ಲಾಟ್‌ಫಾರಂ ಕಡೆಗೇ ಇರಲಿ, ಐದನೇ ಮಹಡಿಯಲ್ಲಿ ಅಲ್ಲ!

ಟೆಂಡರ್ ಬರೆಯುವವರು ಈ ಪತ್ರಿಕೆ ಓದುತ್ತಾರೋ ಇಲ್ಲವೋ, ಶಾಸಕರಿಗೆ ಕಾರ್ಡು ಬರೆಯಲು ನಿಮಗಂತೂ ಬರುತ್ತೆ. ಹಾಗೇ ನಮಗೂ ಒಂದು ಗೀಚಿ, ನಿಮ್ಮೂರ ಬಸ್ ಸ್ಟಾಂಡಿನ ಪಕ್ಕ ಇದ್ದ ಟಾಕೀಸಿನ ಜಾಗದಲ್ಲಿ ಈಗ ಏನಿದೆ? ಕಲ್ಯಾಣ ಮಂಟಪವೋ, ಬಟ್ಟೆ ಅಂಗಡಿಯೋ? ಹೆಸರು, ಊರು ಸಮೇತ ಮುಂದಿನ ವಾರದಿಂದ ಛಾಪಿಸುತ್ತೇವೆ.