ದಾರಿಹೋಕರ ಕೈಪಿಡಿಗೆ ಯಜಮಾನನೇಕೆ?

ಪರದೇಶದ ಹೆದ್ದಾರಿಯಂಚಿನಲ್ಲಿ ಹೆಬ್ಬೆರಳೆತ್ತಿ ನಿಂತು ಸಿಕ್ಕ ವಾಹನವನ್ನೇರುವವನೂ ನಮ್ಮ ಕಡೆ ಲಾರಿಗೆ ಕೈಯಡ್ಡ ಹಿಡಿದು ಊರು ಸೇರುವವನೂ ಒಂದೇ ಕುಲದವರು. ಇಬ್ಬರ ಕಿಸೆಯಲ್ಲೂ ಕಾಸು ಕಡಿಮೆ, ಇಬ್ಬರ ಕಾಲಿಗೂ ಆಸೆ ಹೆಚ್ಚು. ಇಂಥವರು ತಾವು ಕಂಡದ್ದನ್ನೂ ಪಟ್ಟ ಪಾಡನ್ನೂ ಬರೆದಿಟ್ಟು ಹಿಂದಿನಿಂದ ಬರುವವರಿಗೆ ಒಪ್ಪಿಸುವ ಕೈಪಿಡಿಯು ಯಾರೊಬ್ಬರ ಸ್ವತ್ತೂ ಆಗಕೂಡದೆಂಬುದು ನನ್ನ ದೃಢವಾದ ಅಭಿಮತ. ಇಷ್ಟು ಗಡುಸಾಗಿ ಹೇಳುವುದಕ್ಕೆ ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಸೇರಿ, ಕಡಿಮೆ ಖರ್ಚಿನಲ್ಲಿ ನಾಡು ಸುತ್ತುವವರಿಗಾಗಿ ಒಂದು ಆ್ಯಪ್ ಕಟ್ಟುವ ಯೋಜನೆಯನ್ನು ನನಗೆ ಕಳುಹಿಸಿದ್ದಾರೆ. ನಿಮ್ಮಲ್ಲಿ ಹಲವರಿಗೂ ಅದು ತಲಪಿರಬೇಕು. ಅದರಲ್ಲೊಂದು ವಾಕ್ಯವಿದೆ: "ಮಾಹಿತಿಯನ್ನು ಜನರೇ ತುಂಬುತ್ತಾರೆ ಸರ್, ಅದಕ್ಕೆ ನಮಗೆ ಖರ್ಚಿಲ್ಲ, ಬಳಸುವವರು ಒಂದು ಲಕ್ಷ ಮುಟ್ಟಿದರೆ ಹೂಡಿಕೆದಾರರು ತಾವಾಗಿಯೇ ಬರುತ್ತಾರೆ."

ಹುಡುಗರ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಈ ವಾಕ್ಯದ ಬಗ್ಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನ್ನಿಂದಾಗದು.

ದಾರಿಯ ವಿವರವನ್ನು ದಾರಿಹೋಕರೇ ಹಂಚಿಕೊಳ್ಳುವುದು ಅಂತರ್ಜಾಲ ಹುಟ್ಟಿಸಿದ ಪದ್ಧತಿಯಲ್ಲ. 1960-70ರ ದಶಕಗಳಲ್ಲಿ ಯೂರೋಪಿನಿಂದ ನೆಲದ ಹಾದಿಯಲ್ಲಿ ಭಾರತಕ್ಕೆ ಬರುತ್ತಿದ್ದ ತರುಣರು ಇಸ್ತಾಂಬುಲಿನ 'ಪುಡಿಂಗ್ ಶಾಪ್' ಎಂಬ ಉಪಾಹಾರಗೃಹದ ಫಲಕದಲ್ಲಿ ಚೀಟಿ ಅಂಟಿಸುತ್ತಿದ್ದರು: ಯಾವ ಗಾಡಿ ಎತ್ತ ಹೊರಟಿದೆ, ಎಷ್ಟು ಜನಕ್ಕೆ ಜಾಗವಿದೆ ಎಂದು. ನೈರೋಬಿಯ ಒಂದು ಹೋಟೆಲಿನಂಗಳದ ಜಾಲಿಯ ಮರಕ್ಕೂ ಪ್ರಯಾಣಿಕರು ಹೀಗೆಯೇ ಚೀಟಿ ಚುಚ್ಚುತ್ತಿದ್ದರು. ಪೋಲೆಂಡಿನಲ್ಲಂತೂ 1950ರ ದಶಕದ ಕೊನೆಯಲ್ಲಿ ಇದಕ್ಕೆ ಅಧಿಕೃತ ವ್ಯವಸ್ಥೆಯೇ ಬಂತು. ಪ್ರಯಾಣಿಕನು ಕೂಪನ್ನುಗಳಿದ್ದ ಒಂದು ಪುಟ್ಟ ಪುಸ್ತಕವನ್ನು ಕೊಂಡು, ಹತ್ತಿಸಿಕೊಂಡ ಚಾಲಕನಿಗೆ ದೂರಕ್ಕೆ ತಕ್ಕಷ್ಟು ಕೂಪನ್ ಹರಿದುಕೊಡಬೇಕು. ಹೆಚ್ಚು ಕೂಪನ್ ಕೂಡಿಸಿದ ಚಾಲಕರಿಗೆ ಬಹುಮಾನ. ಎಷ್ಟು ಸರಳ, ಎಷ್ಟು ಚೆಂದ!

ನಮ್ಮಲ್ಲಿಯೂ ಇತ್ತು. ನನ್ನ ಮೊದಲ ನೇಮಕಾತಿಯಾದ ಮಲೆನಾಡಿನ ಊರಿಗೆ ದಿನಕ್ಕೆ ಎರಡೇ ಬಸ್ಸು. ಮಿಕ್ಕ ಹೊತ್ತಿನಲ್ಲಿ ನಾಟಾ ಲಾರಿಯೇ ಗತಿ. ಯಾವ ಲಾರಿ ಎಷ್ಟು ಹೊತ್ತಿಗೆ ಘಾಟಿ ಇಳಿಯುತ್ತದೆ, ಯಾವ ಚಾಲಕ ಮೇಷ್ಟರಿಂದ ದುಡ್ಡು ಮುಟ್ಟುವುದಿಲ್ಲ, ಯಾವನು ಕುಡಿದಿರುತ್ತಾನೆ ಎಂಬುದೆಲ್ಲ ರಸ್ತೆ ಬದಿಯ ಹೋಟೆಲಿನ ಭಟ್ಟರಿಗೆ ಬಾಯಿಪಾಠ. ಕೇಳಿದವರಿಗೆಲ್ಲ ಹೇಳುತ್ತಿದ್ದರು. ಅದಕ್ಕೆ ಅವರು ಕಾಸು ಕೇಳಿದ್ದಿಲ್ಲ. ಕಾಫಿ ಕುಡಿಯಬೇಕೆಂಬ ನಿರ್ಬಂಧವೂ ಇರಲಿಲ್ಲ.

2005ರಲ್ಲಿ ಆರಂಭವಾದ 'ಹಿಚ್‌ವಿಕಿ' ಈ ಭಟ್ಟರ ಕೆಲಸವನ್ನೇ ಜಗತ್ತಿನ ಮಟ್ಟದಲ್ಲಿ ಮಾಡಹೊರಟ ಸಾಮೂಹಿಕ ಕೈಪಿಡಿ. ಅದರಲ್ಲಿ ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆಯಿಲ್ಲ. ಊರಿನಿಂದ ಹೊರಬೀಳಲು ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು, ವಾಹನಗಳು ನಿಧಾನವಾಗುವ ತಿರುವು ಯಾವುದು, ಎಷ್ಟು ಹೊತ್ತು ಕಾಯಬೇಕಾದೀತು, ಇಂಥ ವಿವರಗಳೇ ಅದರ ಜೀವಾಳ. ಜರ್ಮನಿಯ ಆಟೋಬಾನ್ ಹೆದ್ದಾರಿಯ ಮೇಲೆ ಕಾಲ್ನಡಿಗೆಯವರು ನಿಲ್ಲುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಪೆಟ್ರೋಲ್ ಬಂಕುಗಳೂ ವಿಶ್ರಾಂತಿ ತಾಣಗಳೂ ಅಲ್ಲಿ ಆಧಾರ. ಬರ್ಲಿನ್ನಿನಿಂದ ನೈಋತ್ಯಕ್ಕೆ ಹೊರಟವರು ನಿಕೊಲಾಸ್ಸೇ ನಿಲ್ದಾಣದಲ್ಲಿ ರೈಲಿಳಿದು ಗ್ರೂನೆವಾಲ್ಡ್ ವಿಶ್ರಾಂತಿ ತಾಣಕ್ಕೆ ನಡೆದುಹೋಗುವುದು ಆ ಬಳಗದಲ್ಲಿ ಬಹುಕಾಲದ ರೂಢಿಯಾಗಿತ್ತು. ಇಂಥ ತಿಳಿವಳಿಕೆಯನ್ನು ಯಾವ ಕಂಪೆನಿಯ ನೌಕರನೂ ಸಂಬಳಕ್ಕಾಗಿ ಕಲೆಹಾಕಲಾರ. ಮಳೆಯಲ್ಲಿ ಮೂರು ಗಂಟೆ ನೆನೆದವನಿಗೆ ಮಾತ್ರ ಗೊತ್ತಾಗುವಂಥದು ಅದು. ನೆನೆದವನು ಬರೆಯುವುದಾದರೂ ಏಕೆ? ಇನ್ನೊಬ್ಬನು ನೆನೆಯದಿರಲೆಂದು. ಯಾರೋ ಹೂಡಿಕೆದಾರ ಅಮೆರಿಕದಲ್ಲಿ ಮನೆ ಕಟ್ಟಲೆಂದಲ್ಲ.

ಆದರೆ ಆಗುವುದು ಹಾಗೆಯೇ. ವಿಕಿಟ್ರಾವೆಲ್‌ನ ಕತೆಯನ್ನು ನಮ್ಮ ಹುಡುಗರು ಓದಿದ್ದಾರೋ ಇಲ್ಲವೋ ತಿಳಿಯದು. 2003ರಲ್ಲಿ ಇವಾನ್ ಪ್ರೊಡ್ರೊಮೌ ಮತ್ತು ಮಿಶೆಲ್ ಆನ್ ಜೆಂಕಿನ್ಸ್ ಎಂಬಿಬ್ಬರು ಅದನ್ನು ಆರಂಭಿಸಿದರು. ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಪ್ರವಾಸ ಕೈಪಿಡಿ. ಸಾವಿರಾರು ಜನ ತಮ್ಮ ಊರಿನ ಅಗ್ಗದ ಊಟ, ವಸತಿ, ಬಸ್ಸು, ರೈಲುಗಳ ವಿವರವನ್ನು ಅದಕ್ಕೆ ಧಾರೆಯೆರೆದರು. 2006ರ ಏಪ್ರಿಲಿನಲ್ಲಿ ಇಂಟರ್ನೆಟ್ ಬ್ರ್ಯಾಂಡ್ಸ್ ಎಂಬ ಕಂಪೆನಿ ಅದನ್ನು ಕೊಂಡುಕೊಂಡಿತು. ಬರೆದವರಿಗೆ ಸುದ್ದಿ ತಿಳಿದದ್ದು ಮಾರಾಟವಾದ ಬಳಿಕ! ಮದುವೆಮನೆಗೆ ಊರವರೆಲ್ಲ ಕೂಡಿ ಹಾಕಿದ ಚಪ್ಪರವನ್ನು ಮನೆಯ ಯಜಮಾನ ಶಾಮಿಯಾನದವನಿಗೆ ಮಾರಿದಂತೆ ಇದು.

ಆದರೂ ಒಂದು ಸಂಗತಿ ಆ ಬರಹಗಾರರನ್ನು ಉಳಿಸಿತು. ಈ ಲೇಖನದಲ್ಲಿ ನೀವು ಬೇರೇನನ್ನು ಮರೆತರೂ ಇದನ್ನು ಮರೆಯಕೂಡದು. ವಿಕಿಟ್ರಾವೆಲ್‌ನ ಬರಹವೆಲ್ಲ ಮೊದಲ ದಿನದಿಂದಲೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿತ್ತು. ಎಂದರೆ, ಬರೆದವರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಮುಂದಿನವರಿಗೂ ಕೊಡುವುದಾದರೆ, ಯಾರು ಬೇಕಾದರೂ ಅದನ್ನು ನಕಲಿಸಬಹುದು. ಕಂಪೆನಿ ಕೊಂಡದ್ದು ಹೆಸರನ್ನು ಮತ್ತು ಯಂತ್ರಗಳನ್ನು. ಬರಹವನ್ನು ಕಟ್ಟಿಹಾಕುವ ಅಧಿಕಾರವನ್ನಲ್ಲ. ಜರ್ಮನ್ ಭಾಷೆಯ ಬರಹಗಾರರು ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಪುಟಗಳನ್ನೆಲ್ಲ ಎತ್ತಿಕೊಂಡು 'ವಿಕಿವಾಯೇಜ್' ಎಂಬ ಬೇರೆ ಮನೆ ಹೂಡಿದರು. ಮರುವರ್ಷ ಇಟಲಿಯವರು ಹಿಂಬಾಲಿಸಿದರು. ಇಂಗ್ಲಿಷಿನವರು ಜಾಹೀರಾತುಗಳನ್ನೂ ಹಳಸಿದ ತಂತ್ರಾಂಶವನ್ನೂ ಸಹಿಸಿಕೊಂಡು ಆರು ವರ್ಷ ಕಾದರು; ಕೊನೆಗೆ 2012ರಲ್ಲಿ ಅವರೂ ಹೊರಟರು. ಆಗ ಕಂಪೆನಿ ಏನು ಮಾಡಿತು ಗೊತ್ತೇ? ಪುಕ್ಕಟೆ ದುಡಿದ ಸ್ವಯಂಸೇವಕರಲ್ಲಿ ಇಬ್ಬರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿತು! ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಅವರ ಬೆನ್ನಿಗೆ ನಿಂತಿತು. 2013ರ ಜನವರಿ 15ರಂದು ವಿಕಿವಾಯೇಜ್ ಆ ಪ್ರತಿಷ್ಠಾನದ ಆಶ್ರಯದಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. ಮರುತಿಂಗಳು ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಇಂದು ಅದರ ಪುಟಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಂಡು, ಸಂಪರ್ಕವಿಲ್ಲದ ಕಾಡಿನಲ್ಲಿಯೂ ಮೊಬೈಲಿನಲ್ಲಿ ಓದಬಹುದು. ಪರವಾನಗಿಯ ನಾಲ್ಕು ಸಾಲು ಇಲ್ಲದಿದ್ದಲ್ಲಿ ಇದೆಲ್ಲ ಎಲ್ಲಿರುತ್ತಿತ್ತು?

ಆ ನಾಲ್ಕು ಸಾಲು ಇಲ್ಲದಿದ್ದವರ ಗತಿಯನ್ನು ನೋಡಬೇಕಾದರೆ ಕೌಚ್‌ಸರ್ಫಿಂಗ್‌ನತ್ತ ತಿರುಗಿ. ಅಪರಿಚಿತ ಪ್ರಯಾಣಿಕನಿಗೆ ತನ್ನ ಮನೆಯ ಸೋಫಾ ಮೇಲೆ ಪುಕ್ಕಟೆಯಾಗಿ ಮಲಗಲು ಕೊಡುವವರ ಬಳಗವದು. 2004ರಲ್ಲಿ ಎಲ್ಲರಿಗೂ ತೆರೆಯಿತು. 2006ರಲ್ಲಿ ಅದರ ದತ್ತಾಂಶ ಅಳಿಸಿಹೋಗಿ, ಸಂಸ್ಥಾಪಕ ಕೇಸಿ ಫೆಂಟನ್ ಅವರೇ ಇನ್ನು ಮುಗಿಯಿತೆಂದು ಪ್ರಕಟಿಸಿದಾಗ, ಅದನ್ನು ಎತ್ತಿ ನಿಲ್ಲಿಸಿದವರು ಸ್ವಯಂಸೇವಕರು. 2011ರಲ್ಲಿ ಅದು ಲಾಭಕ್ಕಾಗಿ ನಡೆಯುವ ಕಂಪೆನಿಯಾಗಿ, 76 ಲಕ್ಷ ಡಾಲರ್ ಬಂಡವಾಳ ತಂದುಕೊಂಡಿತು. 2020ರ ಮೇ ತಿಂಗಳಲ್ಲಿ, ಜಗತ್ತೇ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಅನೇಕ ದೇಶಗಳ ಸದಸ್ಯರಿಗೆ ಹಣ ಕಟ್ಟದ ಹೊರತು ತಮ್ಮದೇ ಪುಟ ತೆರೆಯದಂತಾಯಿತು. ಹತ್ತು ಹದಿನೈದು ವರ್ಷ ಅತಿಥಿಗಳಿಗೆ ಅನ್ನವಿಟ್ಟವರು ತಮ್ಮ ಬಗ್ಗೆ ಆ ಅತಿಥಿಗಳು ಬರೆದ ನಾಲ್ಕು ಒಳ್ಳೆಯ ಮಾತನ್ನು ಓದಲು ಶುಲ್ಕ ತೆರಬೇಕು! ಇಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಡುವ ದಾರಿಯೂ ಇರಲಿಲ್ಲ; ಕಟ್ಟಲು ಗಂಟೇ ಅವರದಾಗಿರಲಿಲ್ಲ.

"ಯಂತ್ರ ನಡೆಸಲು ಹಣ ಬೇಡವೇ ಸರ್?" ಎಂದು ಕೇಳುವಿರಿ. ಬೇಕು. ದೇವಸ್ಥಾನದ ದೀಪಕ್ಕೂ ಎಣ್ಣೆ ಬೇಕು. ಅದಕ್ಕಾಗಿ ಯಾರೂ ದೇವರನ್ನು ಒತ್ತೆಯಿಡುವುದಿಲ್ಲ. 2007ರಲ್ಲಿ ಹುಟ್ಟಿದ ಬೀವೆಲ್‌ಕಮ್ ಲಾಭದಾಸೆಯಿಲ್ಲದ ಒಂದು ಫ್ರೆಂಚ್ ಸಂಘದ ಆಶ್ರಯದಲ್ಲಿ ನಡೆಯುತ್ತದೆ. ಹಿಚ್‌ವಿಕಿಯ ಬಳಗದವರೇ ಸೇರಿ 2014ರಲ್ಲಿ ಟ್ರಸ್ಟ್‌ರೂಟ್ಸ್ ಕಟ್ಟಿದರು. 1949ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಸರ್ವಾಸ್ ಸಂಘವಂತೂ ಅಂತರ್ಜಾಲಕ್ಕಿಂತ ಹಿರಿಯದು. ಯುದ್ಧದಿಂದ ಬೇಸತ್ತವರು ಪರಸ್ಪರರ ಮನೆಯಲ್ಲಿ ಉಂಡು ಮಲಗಿದರೆ ಶಾಂತಿ ಬೆಳೆದೀತೆಂಬ ನಂಬಿಕೆಯ ಮೇಲೆ ನಿಂತದ್ದು. ಇವೆಲ್ಲ ಚಿಕ್ಕವು, ನಿಜ. ಚಿಕ್ಕದಾಗಿರುವುದು ಎಂದಿನಿಂದ ಅಪರಾಧವಾಯಿತು? ದೊಡ್ಡವರ ಭಾಗ್ಯವನ್ನೂ ನೋಡಿ: ಲೋನ್ಲಿ ಪ್ಲಾನೆಟ್ ಎಂಬ ಹೆಸರಾಂತ ಕೈಪಿಡಿ ಸಂಸ್ಥೆಗೆ ಬಿ.ಬಿ.ಸಿ.ಯ ವಾಣಿಜ್ಯ ಅಂಗವು ಎರಡು ಕಂತುಗಳಲ್ಲಿ ಸುಮಾರು 13 ಕೋಟಿ ಪೌಂಡ್ ಸುರಿದು, 2013ರಲ್ಲಿ 5 ಕೋಟಿ 15 ಲಕ್ಷಕ್ಕೆ ಮಾರಿ ಕೈ ತೊಳೆದುಕೊಂಡಿತು.

ನಮ್ಮ ಬಂಧುಗಳಲ್ಲಿ ಕೆಲವರದು ಬೇರೆ ಆಕ್ಷೇಪ. "ಕಾಸಿಲ್ಲದವನು ಮನೆಯಲ್ಲಿರಬೇಕು, ಊರಲೆಯುವುದೇಕೆ? ಇದೆಲ್ಲ ಮರ್ಯಾದಸ್ಥ ಭಿಕ್ಷೆ" ಎಂದು ಅವರು ಮೂಗು ಮುರಿಯುತ್ತಾರೆ. ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ತರುಣರು ಜಗತ್ತನ್ನು ನಡೆದು ದಾಟುವ ಸಂಕಲ್ಪ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ. ಅಣುಬಾಂಬಿನ ವಿರುದ್ಧ ಮಾತೆತ್ತಿದ್ದಕ್ಕೆ ವಯೋವೃದ್ಧ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ್ದು ಅವರನ್ನು ಕೆಣಕಿತ್ತು. ಕೈಯಲ್ಲಿ ಹಣವಿಟ್ಟುಕೊಳ್ಳಬೇಡಿರೆಂದು ವಿನೋಬಾ ಭಾವೆಯವರು ಹೇಳಿಕೊಟ್ಟರು. ಹಣವಿದ್ದರೆ ಹೋಟೆಲು ಹುಡುಕುತ್ತೀರಿ, ಇಲ್ಲದಿದ್ದರೆ ಮನುಷ್ಯರನ್ನು ಹುಡುಕುತ್ತೀರಿ ಎಂಬುದು ಆ ಉಪದೇಶದ ಭಾವ. 1962ರಲ್ಲಿ ದೆಹಲಿಯ ರಾಜಘಾಟಿನಿಂದ ಹೊರಟವರು ಪಾಕಿಸ್ತಾನ, ಅಫಘಾನಿಸ್ತಾನ, ಇರಾನ್ ದಾಟಿ, ಮಾಸ್ಕೋ, ಪ್ಯಾರಿಸ್, ಲಂಡನ್ ಮುಟ್ಟಿ, ವಾಷಿಂಗ್ಟನ್ ಸೇರಿದರು. ಇವರನ್ನು ಭಿಕ್ಷುಕರೆನ್ನುವ ಧೈರ್ಯ ಯಾರಿಗಿದೆ? ಕ್ಯೂಬಾದಲ್ಲಿ ಹಳದಿ ಸಮವಸ್ತ್ರದ ಸರ್ಕಾರಿ ನೌಕರರು ರಸ್ತೆಯಲ್ಲಿ ನಿಂತು, ಖಾಲಿ ಸೀಟಿರುವ ಸರ್ಕಾರಿ ವಾಹನಗಳನ್ನು ತಡೆದು ಕಾದಿರುವ ಜನರನ್ನು ಹತ್ತಿಸುವ ಪದ್ಧತಿಯೇ ಬೆಳೆದಿತ್ತು. ವಾಷಿಂಗ್ಟನ್ನಿನ ಸುತ್ತಮುತ್ತ, ಹೆಚ್ಚು ಜನರಿದ್ದ ವಾಹನಗಳಿಗೆ ಮೀಸಲಾಗಿದ್ದ ವೇಗದ ಪಥಕ್ಕಾಗಿ ಕಾರಿನವರೇ ಅಪರಿಚಿತರನ್ನು ಕರೆದು ಕೂರಿಸಿಕೊಳ್ಳುವ ರೂಢಿ 1970ರ ದಶಕದಿಂದ ಬಂದಿದೆ; ದುಡ್ಡಿನ ಮಾತೇ ಇಲ್ಲ. ಭಿಕ್ಷೆ ಬೇಡುವವರು ಅಲ್ಲಿ ಯಾರು, ಕಾರಿನವರೋ ನಿಂತವರೋ?

ಇನ್ನು ಅಪಾಯದ ಮಾತು. ಅಪಾಯವಿದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಅದನ್ನು ಬರೆಯಬೇಕಾದವರು ಅವರೇ, ತಮ್ಮ ಮಾತಿನಲ್ಲಿ. ಜಾಹೀರಾತಿನ ಆದಾಯ ನೆಚ್ಚಿದ ಆ್ಯಪ್ ಅಂಥ ಮಾತನ್ನು ಎಷ್ಟು ದಿನ ಉಳಿಸೀತು? ನಮ್ಮ ದೇಶದ ಕಾನೂನನ್ನೂ ನಿರ್ದಾಕ್ಷಿಣ್ಯವಾಗಿ ತಿಳಿಸಬೇಕು. ಸರಕಿನ ಲಾರಿಯಲ್ಲಿ ಹಾಗೆಯೇ ಹತ್ತಿಕೊಂಡವನಿಗೆ ಅಪಘಾತವಾದರೆ ವಿಮಾ ಕಂಪೆನಿ ಪರಿಹಾರಕ್ಕೆ ಬಾಧ್ಯವಲ್ಲವೆಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. 2018ರಲ್ಲಿ ಮುಂಬಯಿಯ ಹತ್ತಿರ, ಮಳೆಯಲ್ಲಿ ನಿಂತಿದ್ದವರನ್ನು ತನ್ನ ಸ್ವಂತ ಕಾರಿಗೆ ಹತ್ತಿಸಿಕೊಂಡವನೊಬ್ಬ ದಂಡ ತೆತ್ತ. ಹಾಗೆಯೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವು ಕರ್ನಾಟಕ ನಿವಾಸಿಗಳಾದ ಮಹಿಳೆಯರಿಗೆಂಬುದನ್ನು ಹೇಳದೆ, 'ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಫ್ರೀ' ಎಂದು ಬರೆದರೆ ಹೊರನಾಡಿನ ಹುಡುಗಿ ಕಂಡಕ್ಟರನೆದುರು ತಲೆತಗ್ಗಿಸಬೇಕಾಗುತ್ತದೆ.

ಬರೆಯಬೇಕಾದದ್ದರ ಜೊತೆಗೆ ಬರೆಯಕೂಡದ್ದೂ ಇದೆ. ನಮ್ಮ ಹುಡುಗರ ಯೋಜನೆಯಲ್ಲಿ 'ಫ್ರೀ ಫುಡ್' ಎಂಬ ವಿಭಾಗದಡಿ ಧರ್ಮಸ್ಥಳ, ಸಿದ್ಧಗಂಗೆ, ಹೊರನಾಡುಗಳನ್ನು ಸೇರಿಸಿ, ನಕ್ಷತ್ರ ಕೊಟ್ಟು ಶ್ರೇಣೀಕರಿಸುವ ಏರ್ಪಾಡಿದೆ. ದಾಸೋಹಕ್ಕೆ ಐದರಲ್ಲಿ ಮೂರು ನಕ್ಷತ್ರ! ಅಪ್ಪಗಳಿರಾ, ಸಾವಿರಾರು ಮಕ್ಕಳು ಉಣ್ಣುವ ಪಂಕ್ತಿಯಲ್ಲಿ ಕುಳಿತು 'ಸಾರು ನೀರಾಗಿತ್ತು' ಎಂದು ಷರಾ ಬರೆಯುವ ಗಿರಾಕಿಯನ್ನು ತಯಾರು ಮಾಡಲು ಹೊರಟಿದ್ದೀರಾ? ಆ ಸ್ಥಳಗಳ ಊಟದ ವೇಳೆ, ಅಲ್ಲಿನ ನಡವಳಿಕೆ, ಕೈಲಾದಷ್ಟು ಕಾಣಿಕೆ ಸಲ್ಲಿಸಬಹುದೆಂಬ ಮಾತು, ಇಷ್ಟು ಬರೆದರೆ ಸಾಕು. ರಾತ್ರಿ ಬಸ್ಸು ತಪ್ಪಿದವನಿಗೆ ಜಗಲಿಯಲ್ಲಿ ಚಾಪೆ ಹಾಸಿಕೊಟ್ಟ ಮನೆಯ ವಿಳಾಸವನ್ನಂತೂ ಎಲ್ಲಿಯೂ ಬರೆಯತಕ್ಕದ್ದಲ್ಲ. ಆ ಮನೆಯವರು ಒಬ್ಬನಿಗೆ ತೋರಿದ ಕರುಣೆಯನ್ನು ಲಕ್ಷ ಜನಕ್ಕೆ ಹಂಚುವ ಹಕ್ಕು ಆ ಒಬ್ಬನಿಗಿಲ್ಲ.

ಆದ್ದರಿಂದ ನನ್ನ ಷರತ್ತುಗಳು. ಬರಹವೆಲ್ಲ ವಿಕಿವಾಯೇಜ್ ಮಾದರಿಯ ಮುಕ್ತ ಪರವಾನಗಿಯಲ್ಲಿರಬೇಕು. ಇಡೀ ಸಂಗ್ರಹವನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾರನ್ನೂ ಕೇಳದೆ ಇಳಿಸಿಕೊಳ್ಳುವಂತಿರಬೇಕು. ಹೆಸರು ಮತ್ತು ವಿಳಾಸ ನಿಮ್ಮ ಮೂವರ ಹೆಸರಿನಲ್ಲಿರದೆ ನೋಂದಾಯಿತ ಸಂಘವೊಂದರ ಹೆಸರಿನಲ್ಲಿರಬೇಕು. ಮಾರುವ ಅಧಿಕಾರ ಇಲ್ಲವೆಂದು ಅದರ ನಿಯಮಾವಳಿಯಲ್ಲಿಯೇ ಬರೆದಿರಬೇಕು. ಈಗ ಒಳ್ಳೆಯವರಾಗಿದ್ದೀರಿ, ಬಲ್ಲೆ. ವಿಕಿಟ್ರಾವೆಲ್ ಕಟ್ಟಿದವರೂ ಕೆಟ್ಟವರೇನಾಗಿರಲಿಲ್ಲ.

ಮೂವತ್ತಾರು ವರ್ಷದ ಸೇವೆಯಲ್ಲಿ ನಾನು ಸುತ್ತಿದ ಊರುಗಳ ಛತ್ರಗಳು, ಕೊನೆಯ ಬಸ್ಸುಗಳು, ಒಳದಾರಿಗಳನ್ನು ಬರೆದಿಟ್ಟ ಏಳು ನೋಟುಪುಸ್ತಕಗಳು ನನ್ನ ಬೀರುವಿನಲ್ಲಿವೆ. ಹುಡುಗರು ಕೇಳಿದ್ದು ಅವನ್ನೇ. ಅರ್ಧಕ್ಕರ್ಧ ಹಳತಾಗಿದೆ, ಆದರೂ ಕೆಲಸಕ್ಕೆ ಬಂದೀತು. ಸಂಘದ ನಿಯಮಾವಳಿಯ ಕರಡನ್ನು ತಂದು ತೋರಿಸಿದ ದಿನ ಏಳನ್ನೂ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಬಂದರೆ ಮನೆಯಲ್ಲಿರುತ್ತೇನೆ.